ಕುಡಿದವನನ್ನು ಹಿಡಿಯುವ ಹಕ್ಕು

ನನ್ನ ಅಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ. ಒಳ್ಳೆಯ ಅಂಬಿಗ. ಕುಡಿದರೆ ಮಾತ್ರ ಯಾರ ಮಾತೂ ಕೇಳದ ಮೊಂಡ. ಸುರಪುರದ ಸಂತೆಗೆ ಹೋದವನು ಸೇಂದಿ ಕುಡಿಯದೆ ಬಂದದ್ದು ನನಗೆ ನೆನಪಿಲ್ಲ.

ಇದಕ್ಕೆ ನಿಜಾಮನ ಕಾಲದಿಂದಲೂ ನಮ್ಮೂರಲ್ಲೊಂದು ಪದ್ಧತಿಯಿತ್ತು. ಅಂಬಿಗ ಕುಡಿದು ಓಣಿಗೆ ಕಾಲಿಟ್ಟರೆ ಊರ ಗೌಡರು ಹರಿಗೋಲು ನಡೆಸುವ ಅವನ ಹುಟ್ಟು ಕಸಿದು ಚಾವಡಿಯೊಳಗಿಟ್ಟು ಬೀಗ ಹಾಕುತ್ತಿದ್ದರು, ಅವನನ್ನು ಕಟ್ಟೆಯ ಮೇಲೆ ಮಲಗಿಸುತ್ತಿದ್ದರು. ಬೆಳಿಗ್ಗೆ ಎಲ್ಲರೆದುರು ಬೈಸಿಕೊಂಡ ಮೇಲೆಯೇ ಹುಟ್ಟು ವಾಪಸು. ಆ ಸಿಟ್ಟನ್ನು ಅಪ್ಪ ಮನೆಗೆ ಬಂದು ಅವ್ವನ ಮೇಲೆ ತೀರಿಸಿಕೊಳ್ಳುತ್ತಿದ್ದ. ಆದರೆ ಬದುಕಿರುತ್ತಿದ್ದ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಠಾಣೆಗೆ ಆ ಕಡೆಯ ದಫೇದಾರರೊಬ್ಬರು ಬಂದರು. ಗೌಡರಿಗೆ ಜನರ ಮುಂದೆಯೇ ಹೇಳಿದರು: "ರಸ್ತೆಯಲ್ಲಿ ಕುಡಿದು ತೂರಾಡೋದು ಸರ್ಕಾರದ ಕೇಸು. ಅಂಥವರನ್ನ ಠಾಣೆಗೆ ಕಳಿಸಬೇಕು. ನೀವು ಯಾರನ್ನೂ ಕೂಡಿಹಾಕೋ ಹಾಗಿಲ್ಲ, ಯಾರ ಸಾಮಾನೂ ಕಿತ್ಕೊಳ್ಳೋ ಹಾಗಿಲ್ಲ." ಠಾಣೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ಹಾದಿ. ಗೌಡರು ಅವತ್ತು ಊಟ ಮಾಡಲಿಲ್ಲವಂತೆ.

ಮುಂದಿನ ಸಂತೆಯ ದಿನ ಮಧ್ಯಾಹ್ನ ಅಪ್ಪ ತೂರಾಡುತ್ತ ಬಂದ. ಹೊಳೆ ತುಂಬಿತ್ತು. ಆಚೆ ದಡದಲ್ಲಿ ಜನ ಅವನನ್ನು ಕೂಗುತ್ತಿದ್ದರು. ಅವ್ವ ಚಾವಡಿಗೆ ಓಡಿದಳು, ನಾನು ಅವಳ ಹಿಂದೆ.

"ಗೌಡ್ರ, ಹುಟ್ಟು ಕಸ್ಕೊಳ್ರಿ. ಹೊಳಿಗೆ ಇಳ್ಯಾಕ ಹೊಂಟಾನ."

"ನನಗ ಹಕ್ಕಿಲ್ಲವ್ವ. ಠಾಣೆಕ್ಕ ಹೋಗಿ ಹೇಳು."

ನಾವು ಮರಳಿದಾಗ ಹುಟ್ಟು ಇನ್ನೂ ಬಾಗಿಲಿಗೆ ಒರಗಿತ್ತು. ಅಪ್ಪ ಒಳಗೆ ನೀರು ಕುಡಿಯುತ್ತಿದ್ದ. ಗಂಗಮ್ಮನ ಪೂಜೆಯಾದ ಹುಟ್ಟನ್ನು ನಮ್ಮವರಲ್ಲಿ ಹೆಂಗಸರು ಮುಟ್ಟುವುದಿಲ್ಲ. ಅವ್ವ ಮುಟ್ಟಲಿಲ್ಲ. ಮೈನೆರೆದಿದ್ದ ನಾನೂ ಮುಟ್ಟಲಿಲ್ಲ. ಎತ್ತಿ ಬಾವಿಗೆ ಒಗೆಯಬಹುದಿತ್ತು. ಗೌಡರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ. ಅಪ್ಪ ಹುಟ್ಟನ್ನು ಹೆಗಲಿಗೇರಿಸಿ ನಡೆದುಬಿಟ್ಟ.

ಮೂರನೇ ದಿನ ಹೆಣ ಸಿಕ್ಕಿತು. ದಡದಲ್ಲಿ ಮಲಗಿಸಿದರು. ಪಂಚನಾಮೆಗೆ ದಫೇದಾರರು ಬಂದವರೇ ಗೌಡರನ್ನು ಕೇಳಿದರು: "ಕುಡಿದಿದ್ದಾನೆ ಅಂತ ಗೊತ್ತಿದ್ದೂ ಯಾಕೆ ಬಿಟ್ರಿ?"

"ಹಿಡೀಬ್ಯಾಡ ಅಂದವ್ರು ನೀವ."

"ಠಾಣೆಗೆ ಕಳಿಸಿ ಅಂದಿದ್ದೆ."

"ಗಾಡಿ ಹೂಡೂದ್ರಾಗ ಅಂವ ಹೊಳ್ಯಾಗಿದ್ದ."

ಬಿಸಿಲು ನೆತ್ತಿಗೇರಿತು. ಇಬ್ಬರಲ್ಲಿ ಒಬ್ಬರೂ ಸೋಲುವವರಲ್ಲ. ಹೊಳೆ ರಸ್ತೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅಪ್ಪ ಸತ್ತದ್ದು ಯಾರ ಹದ್ದಿನಲ್ಲಿ ಎಂದು ವಾದ ಬೆಳೆಯಿತು. ಅವ್ವ ಅತ್ತು ಸುಸ್ತಾಗಿ, ಹೆಣದ ಮುಖಕ್ಕೆ ಮುತ್ತುವ ನೊಣಗಳನ್ನು ಸೆರಗಿನಿಂದ ಓಡಿಸುತ್ತ ಕೂತಿದ್ದಳು. ಕೊನೆಗೆ ತಲೆಯೆತ್ತಿದಳು.

"ಅದನ್ನ ಆಮ್ಯಾಲ ಬಗೀಹರಿಸ್ಕೊಳ್ರಿ. ಈ ಹೆಣ ಎತ್ತಾಕ ಯಾರ ಅಪ್ಪಣಿ ಕೇಳ್ಬೇಕು, ಅದೊಂದು ಹೇಳ್ರಿ."