ಅಪ್ಪಾರು ಆರಾಮ ಅದಾರೇನು?

ಅಪ್ಪ ಮತ್ತೆ ಮತ್ತೆ ಲೋಕಸಭೆಗೆ ಆರಿಸಿಹೋದವರು. ಸದನದಲ್ಲಿ ರೈಲಿನ ಬಗ್ಗೆ, ಕೆರೆಗಳ ಬಗ್ಗೆ ಅವರು ಆಡಿದ ಮಾತು ಎಷ್ಟು ಮಂದಿಗೆ ನೆನಪಿದೆಯೋ ಕಾಣೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಲ್ಲಿ ಜೀಪು ನಿಂತರೂ ಎದುರಿಗಿದ್ದವರನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ ಎಂಬುದಕ್ಕೇ ಜನ ಅವರನ್ನು ಮೆಚ್ಚಿದ್ದು. ಅದರ ಗುಟ್ಟು ಮನೆಯವರಿಗಷ್ಟೇ ಗೊತ್ತಿತ್ತು. ಗುರುತು ಸಿಗದವರ ಹೆಗಲ ಮೇಲೆ ಕೈಹಾಕಿ, "ಅಪ್ಪಾರು ಆರಾಮ ಅದಾರೇನು?" ಎಂದು ಕೇಳುತ್ತಿದ್ದರು. "ಇಟ್ಟಿಗಿ ಊರು ಬಿಟ್ಟು ಎಲ್ಲಿಗೂ ಬರಂಗಿಲ್ರಿ, ಮೊಣಕಾಲು ನೋವು" ಎಂದು ಆತ ಶುರುಮಾಡುವಷ್ಟರಲ್ಲಿ ಊರು ಸಿಕ್ಕಿರುತ್ತಿತ್ತು, ಹಿಂದೆಯೇ ಮನೆತನ, ಆಮೇಲೆ ಹೆಸರು. ಭಾರಿ ಘಾಟಿ ನಮ್ಮಪ್ಪ.

ಅಧಿಕಾರ ಹೋಗಿ ವರ್ಷಗಳಾದವು. ಸೋತಾಗ ಅವರು ಅಂಜಲಿಲ್ಲ, ಮಗಳಾದ ನಾನೂ ಅಂಜಲಿಲ್ಲ. ಅಂಜಿಕೆ ಶುರುವಾದದ್ದು ಕಳೆದ ಬೇಸಿಗೆಯಲ್ಲಿ, ದಿನಾ ಮನೆಗೆ ಹಾಲು ಹಾಕುವವನಿಗೆ ಅವರು ಅದೇ ಪ್ರಶ್ನೆ ಕೇಳಿದಾಗ.

"ಅವರು ತೀರ್ಕೊಂಡಾಗ ಮಣ್ಣಿಗೆ ನೀವೇ ಬಂದಿದ್ರಲ್ರಿ" ಎಂದು ಆತ ನನ್ನ ಮುಖ ನೋಡಿದ.

ಅಂದಿನಿಂದ ಯಾರಾದರೂ ಮದುವೆಗೆ ಕರೆಯಲು ಬಂದರೆ ಬಾಗಿಲಲ್ಲೇ ನಾನು ಮಾತಾಡಿಸಿ ಕಳಿಸುತ್ತಿದ್ದೆ. ಸ್ಥಾನಮಾನ ಹೋದರೆ ಹೋಗಲಿ, ಯಾರನ್ನೂ ಮರೆಯದ ಮನುಷ್ಯ ಎಂಬ ಹೆಸರೊಂದು ಅವರ ಪಾಲಿಗೆ ಉಳಿಯಬೇಕಿತ್ತು. ಹೋದಲ್ಲೆಲ್ಲ ಅವರ ಬೆನ್ನಿಗೇ ನಿಂತು, ಬಂದವರ ಹೆಸರನ್ನು ಕಿವಿಯಲ್ಲಿ ಉಸುರತೊಡಗಿದೆ.

ಕೊಟ್ಟೂರಿನ ಮದುವೆಗೆ ಬೇಡವೆಂದೆ. ಕೇಳುವವರೇ? ಇಸ್ತ್ರಿ ಮಾಡಿದ ಖಾದಿ ಅಂಗಿ ತೊಟ್ಟು ಕಾರಿನಲ್ಲಿ ಕುಳಿತೇಬಿಟ್ಟರು. ಕಲ್ಯಾಣಮಂಟಪದಲ್ಲಿ ಮೊದಮೊದಲು ಎಲ್ಲ ಸರಿಹೋಯಿತು. ಹಗರಿಬೊಮ್ಮನಹಳ್ಳಿಯವರು ಬಂದರು, ಹಡಗಲಿಯವರು ಬಂದರು. ನಾನು ಉಸುರಿದೆ, ಅವರು ಹೆಸರು ಹಿಡಿದು ಕರೆದರು. ಊಟಕ್ಕೆ ಕೂತಾಗ ಬಿಸಿನೀರು ಬೇಕೆಂದರು. ತರಲು ಹೋದೆ. ಹೋಗಬಾರದಿತ್ತು. ಹಿಂತಿರುಗಿದಾಗ ಎಲೆ ಮುಟ್ಟದೆ ಅತ್ತಿತ್ತ ನೋಡುತ್ತಿದ್ದರು. ಲೋಟ ಇಟ್ಟೆ. ನನ್ನ ಮುಖವನ್ನೇ ನೋಡಿ ಬಹಳ ಪ್ರೀತಿಯಿಂದ ನಕ್ಕರು.

"ಅಪ್ಪಾರು ಆರಾಮ ಅದಾರೇನಮ್ಮ?"

ಅಕ್ಕಪಕ್ಕದವರು ಗೊಳ್ಳೆಂದರು. "ಸಾಹೇಬ್ರು ಮಗಳಿಗೂ ಚಾಷ್ಟಿ ಮಾಡ್ತಾರ ನೋಡ್ರಿ" ಎಂದರೊಬ್ಬರು. ಅವರೆಲ್ಲ ನಕ್ಕರೆಂದು ಅಪ್ಪನೂ ನಕ್ಕರು. ಇಷ್ಟು ದಿನ ಊರಿನವರನ್ನು ಮರೆತಾರೆಂದು ಹೆದರಿದ್ದೆನೇ ಹೊರತು, ನನ್ನ ಸರದಿಯೂ ಬರುತ್ತದೆಂದು ಎಣಿಸಿರಲಿಲ್ಲ. ಇಲ್ಲಿ ಅತ್ತರೆ ಇಡೀ ಮಂಟಪಕ್ಕೆ ಗೊತ್ತಾಗುತ್ತದೆ. ನಾನೂ ನಕ್ಕೆ. ಅಪ್ಪ ಮಾತ್ರ ನನ್ನ ಬಾಯಿಂದ ಊರಿನದೋ ಮನೆತನದೋ ಒಂದು ಎಳೆ ಸಿಗಲೆಂದು ಕಾಯುತ್ತಿದ್ದರು.

ಬಗ್ಗಿ ಮೆಲ್ಲಗೆ ಹೇಳಿದೆ: "ಆರಾಮ ಅದಾರ್ರಿ. ಮನ್ಯಾಗ ಅದಾರ. ನಾನು ಅಲ್ಲಿಗೇ ಹೊಂಟೀನಿ."

"ತಡಿಯಮ್ಮ, ನಾನೂ ಬರ್ತೀನಿ" ಎಂದು ಎಲೆ ಬಿಟ್ಟು ಎದ್ದರು. "ಅವರನ್ನ ನೋಡಿ ಭಾಳ ದಿನಾತು."