ಶಾಲೆ ಗೇಟಿನಿಂದ ನೂರು ಗಜ

ಪುಟ್ಟಗಂಗಮ್ಮ ತುರುವೇಕೆರೆ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ಮೂವತ್ತು ವರ್ಷ ಎಲೆ ಅಡಿಕೆ ಜೊತೆ ಕಡ್ಡಿಪುಡಿ ತಂಬಾಕು ಹಾಕಿ ಬಾಯಿಗೆ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ಎಡ ದವಡೆ ಅರ್ಧ ಹೋಯಿತು. ಅಂದಿನಿಂದ ಮಾತು ಸ್ವಲ್ಪ ತೊದಲುತ್ತದೆ, ಆದರೆ ನಿಲ್ಲುವುದಿಲ್ಲ.

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನನ್ನು ಅವರು ಆಸ್ಪತ್ರೆಯ ಗೋಡೆಯ ಮೇಲೆ ಓದಿಕೊಂಡು ಬಂದಿದ್ದರು. ಶಾಲೆಯ ರಸ್ತೆಯಲ್ಲೇ ಕರಿಬಸವಯ್ಯನವರ ಅಂಗಡಿ. ಪುಟ್ಟಗಂಗಮ್ಮನ ಏಳನೇ ಅರ್ಜಿಗೆ ಆರೋಗ್ಯ ನಿರೀಕ್ಷಕ ರವಿಕಿರಣ್ ಟೇಪು ಹಿಡಿದು ಬಂದರು. ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದ್ದರಿಂದ ಕರಿಬಸವಯ್ಯನವರೇ ಹಿಡಿದರು. ಗೇಟಿನಿಂದ ತೊಂಬತ್ತೆರಡು ಗಜ.

"ಎಂಟು ಗಜ ಕಮ್ಮಿ. ತಂಬಾಕು ಮಾರಂಗಿಲ್ಲ," ಎಂದರು ರವಿಕಿರಣ್.

ಊರವರು ಸಭೆ ಸೇರಿದರು. ಬೀಡಿಗೆ ಪಕ್ಕದೂರಿಗೆ ಯಾರು ಹೋಗುತ್ತಾರೆ? ಅಂಗಡಿ ಸರಿಸುವುದು ಕಷ್ಟ, ಗೇಟು ಸರಿಸುವುದು ಸುಲಭ ಎಂದು ತೀರ್ಮಾನವಾಯಿತು. ವಾರದೊಳಗೆ ಗೇಟನ್ನು ಇಟ್ಟಿಗೆ ಕಟ್ಟಿ ಮುಚ್ಚಿ, ಹಿಂದೆ ತೆಂಗಿನ ತೋಟದ ಕಡೆ ಹೊಸದು ಇಟ್ಟರು. ಕಾಯಿ ಬೀಳುವ ಭಯಕ್ಕೆ ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ಕೊಡೆ ಹಿಡಿದು ಮಕ್ಕಳನ್ನು ಇಬ್ಬಿಬ್ಬರಾಗಿ ದಾಟಿಸತೊಡಗಿದರು. ರವಿಕಿರಣ್ ಮತ್ತೆ ಅಳೆದರು. ಈಗ ನೂರಾ ಎಂಬತ್ತು ಗಜ, ತಂಬಾಕು ಮಾರಬಹುದು.

"ಕ್ಯಾನ್ಸರ್ ಏನು ಗೇಟ್ ನೋಡ್ಕಂಡ್ ಬತ್ತದೇನ್ರೀ?" ಎಂದು ಪುಟ್ಟಗಂಗಮ್ಮ ಕೇಳಿದರು.

"ನಾನು ಅಳೆಯೋನು ಕಣಮ್ಮ," ಎಂದು ರವಿಕಿರಣ್ ಟೇಪು ಸುತ್ತಿಕೊಂಡರು.

"ಹಂಗಾರೆ ಅಂಗಡಿ ಹತ್ರಕ್ಕೇ ಶಾಲೆ ತತ್ತೀನಿ, ಬುಡಿ."

ಪಂಚಾಯ್ತಿಗೆ ವಯಸ್ಕರ ಶಿಕ್ಷಣ ಕೇಂದ್ರ ಮಂಜೂರಾಗಿತ್ತು, ಜಾಗ ಸಿಕ್ಕಿರಲಿಲ್ಲ. ಪುಟ್ಟಗಂಗಮ್ಮ ಅಂಗಡಿಯ ಎದುರಿನ ಗೆಳತಿ ಮಂಜಮ್ಮನ ಜಗುಲಿಗೆ ಸರ್ಕಾರದ ಬೋರ್ಡು ಹಾಕಿಸಿ, ತಾವೇ ಅಕ್ಷರ ಹೇಳಿಕೊಡಲು ನಿಂತರು. ಹನ್ನೊಂದು ಮುದುಕಿಯರು ಸೇರಿದರು. ಹನ್ನೊಂದು ಮಂದಿಯೂ ಕಡ್ಡಿಪುಡಿಯವರೇ. ಮೊದಲ ದಿನ "ಅ" ಅನ್ನುವ ಮುಂಚೆ ಎಲ್ಲರೂ ಉಗಿದು ಬರಲು ಎದ್ದು ಹೋದರು.

ಮತ್ತೆ ಟೇಪು ಬಂತು, ಕರಿಬಸವಯ್ಯನವರೇ ತುದಿ ಹಿಡಿದರು. ಆರು ಗಜ. ಜಗುಲಿಗೆ ಸರಿಸಲು ಗೇಟೂ ಇರಲಿಲ್ಲ.

ಕರಿಬಸವಯ್ಯ ಬೀಡಿ, ಸಿಗರೇಟು, ಕಡ್ಡಿಪುಡಿಯನ್ನೆಲ್ಲ ಚೀಲಕ್ಕೆ ತುಂಬಿ ರವಿಕಿರಣ್ ಕೈಗೆ ಕೊಟ್ಟರು. ಆಮೇಲೆ ಜಗುಲಿ ಹತ್ತಿ ಪುಟ್ಟಗಂಗಮ್ಮನ ಮುಂದೆ ಬಾಯಿ ತೆರೆದರು.

"ಈ ಬಿಳೀ ಮಚ್ಚೆ ನೋಡವ್ವ. ನಾಕು ತಿಂಗ್ಳಾಯ್ತು. ಯಾರ್ಗೂ ಹೇಳಿಲ್ಲ."

ಪುಟ್ಟಗಂಗಮ್ಮ ನೋಡಿದರು. ಅವರ ಕೈ ತಾನಾಗಿ ತಮ್ಮ ದವಡೆಗೆ ಹೋಯಿತು.

"ಏಳ್ರೀ, ಹತ್ತೂವರೆ ಬಸ್ಸು ಸಿಗ್ತದೆ."

ತಿಪಟೂರಿನ ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಇಬ್ಬರೂ ಮತ್ತೆ ಹೋದಾಗ, ಇನ್ನೂ ಕ್ಯಾನ್ಸರ್ ಆಗಿಲ್ಲ, ಈಗ ಬಂದದ್ದು ಒಳ್ಳೆಯದಾಯಿತು ಎಂದರು. ವಾಪಸ್ಸು ಬರುವಾಗ ಕರಿಬಸವಯ್ಯ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅವರನ್ನು ಪುಟ್ಟಗಂಗಮ್ಮ ಅಳಲು ಬಿಟ್ಟರು. ಊರು ಹತ್ತಿರವಾದಾಗ, ತಿಂಗಳಿಗೊಮ್ಮೆ ನಮ್ಮೂರಲ್ಲೇ ಬಾಯಿ ತಪಾಸಣೆ ಆಗಬೇಕೆಂಬ ಹೊಸ ಅರ್ಜಿಯನ್ನು ಮುಂದೆ ಹಿಡಿದು, ಅವರದೇ ಮೊದಲ ಸಹಿ ಹಾಕಿಸಿಕೊಂಡರು.