ಆಯ್ತು ಮೇಸ್ತ್ರಿಯ ಬಲ ಮೊಣಕಾಲು

ಟೈಲ್ಸ್ ಹಾಕುವ ಈ ಮೇಸ್ತ್ರಿಗೆ ಜನ ಇಟ್ಟಿದ್ದ ಅಡ್ಡಹೆಸರು 'ಆಯ್ತು ಮೇಸ್ತ್ರಿ'. ಸುಮ್ಮನೆ ಬಂದ ಹೆಸರಲ್ಲ, ನಲವತ್ತು ವರ್ಷ ದುಡಿದು ಸಂಪಾದಿಸಿದ್ದು. ಮನೆ ಕಟ್ಟಿಸುವವರು ಬಂದು ಬಚ್ಚಲಿನ ಇಳಿಜಾರು ಸರಿಯಿದೆಯಾ ಎಂದರೆ 'ಆಯ್ತು ಸರ್'. ನಾಳೆ ಸಂಜೆಗೆ ಮುಗಿಯುತ್ತಾ ಎಂದರೆ 'ಆಯ್ತು ಸರ್'. ಮುಗಿಯುವುದಿಲ್ಲ ಎಂದು ಅವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೆ ಇಲ್ಲ ಎಂದರೆ ಅವರು ಅಲ್ಲೇ ಬೇರೂರಿ ನಿಂತು ಇನ್ನೂ ಹತ್ತು ಪ್ರಶ್ನೆ ಕೇಳುತ್ತಾರೆ. ಆಯ್ತು ಎಂದುಬಿಟ್ಟರೆ ಹೊರಟುಹೋಗುತ್ತಾರೆ, ಆಮೇಲೆ ತಪ್ಪಿದ್ದರೆ ತಾನೇ ಸದ್ದಿಲ್ಲದೆ ಸರಿಮಾಡಬಹುದು. ಆ ಕಸುಬಿನವರ ಜಾಣತನವೇ ಅದು. ಹಾಗೆಂದು ಅವನ ಕೆಲಸದಲ್ಲಿ ಮೋಸವಿತ್ತು ಎಂದು ಯಾರಾದರೂ ಹೇಳಿದರೆ ಅವರ ನಾಲಿಗೆ ಸುಳ್ಳು.

ತಪ್ಪು ಹಿಡಿಯುವುದಕ್ಕೆ ಅವನ ಬೆನ್ನ ಹಿಂದೆಯೇ ಒಬ್ಬಳಿದ್ದಳು, ಹೆಂಡತಿ. ಅವನು ಟೈಲ್ಸ್ ಕೂರಿಸುತ್ತಾ ಮುಂದೆ ಹೋದರೆ, ಅವಳು ಬಿಳಿ ಸಿಮೆಂಟು ಕಲಸಿಕೊಂಡು ಸಂದಿ ತುಂಬುತ್ತಾ ಬರುತ್ತಿದ್ದಳು. ಯಾವುದಾದರೂ ಟೈಲ್ಸಿನ ಕೆಳಗೆ ಟೊಳ್ಳಿದ್ದರೆ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೆ. ಬಾಯಿಬಿಟ್ಟು ಹೇಳುವವಳಲ್ಲ. ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಎರಡು ಸಲ ಕುಟ್ಟುವಳು, ಅಷ್ಟೆ. ಅವನು ಗೊಣಗುತ್ತಾ ಹಿಂದಿರುಗಿ, ಕಿತ್ತು, ಮತ್ತೆ ಕೂರಿಸುವನು. ಯಾರಾದರೂ ಇವರು ಯಾರು ಎಂದು ಕೇಳಿದರೆ, "ನನ್ನ ಸಂದಿ ತುಂಬೋಳು" ಎನ್ನುತ್ತಿದ್ದ.

ನಲವತ್ತು ವರ್ಷ ಮಂಡಿಯೂರಿದರೆ ಮಂಡಿಯಾದರೂ ಏನು ಮಾಡೀತು? ಅರವತ್ತಾರಕ್ಕೆ ಎರಡೂ ಕಾಲು ಮುಷ್ಕರ ಹೂಡಿದವು. ಬಲಗಾಲಂತೂ ಮೆಟ್ಟಿಲು ಕಂಡರೆ ಸಾಕು, ನೀನುಂಟು ನಿನ್ನ ಮೆಟ್ಟಿಲುಂಟು ಎಂದು ನಿಂತುಬಿಡುತ್ತಿತ್ತು. ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, ಬಲ ಮೊಣಕಾಲಿನ ಕೀಲು ಬದಲಾಯಿಸಲೇಬೇಕು ಎಂದರು. ಮೇಸ್ತ್ರಿ ಕೊಯ್ಯುವುದಕ್ಕೆ ಹೆದರಲಿಲ್ಲ. ಕೊಯ್ಯುವುದು, ಕುಟ್ಟುವುದು, ಸಿಮೆಂಟು ಹಾಕಿ ಕೂರಿಸುವುದು, ಇದೆಲ್ಲ ತನ್ನ ಕಸುಬೇ. ಅವನ ಕೈಕಾಲು ತಣ್ಣಗಾದದ್ದು ಮಂಪರು ಕೊಡುವ ಮಾತು ಬಂದಾಗ.

ಕಾರಣ ಅಣ್ಣ. ಎಂಟು ವರ್ಷದ ಹಿಂದೆ ಅಣ್ಣ ಬಿದ್ದು ಸೊಂಟ ಮುರಿದುಕೊಂಡಿದ್ದ. ಪೂರ್ತಿ ಮಂಪರು ಕೊಟ್ಟು ಆಪರೇಷನ್ ಮಾಡಿದ್ದರು. ಎಚ್ಚರವಾದ ಮೇಲೆ ತಮ್ಮನ ಮುಖ ನೋಡಿ, "ಯಾರಪ್ಪಾ ನೀನು, ಪ್ಲಂಬರಾ?" ಎಂದ. ಸುತ್ತ ನಿಂತವರೆಲ್ಲ ನಕ್ಕರು, ಮೇಸ್ತ್ರಿಯೂ ನಕ್ಕ. ಆ ನಗು ಬಹಳ ದಿನ ಉಳಿಯಲಿಲ್ಲ. ಸಾಯುವ ತನಕ ಅಣ್ಣನ ಪಾಲಿಗೆ ಅವನು ನಲ್ಲಿ ರಿಪೇರಿಗೆ ಬಂದವನಾಗಿಯೇ ಉಳಿದ. ತಾನೂ ಒಂದು ದಿನ ಕಣ್ಣುಬಿಟ್ಟು, ಜೀವಮಾನವಿಡೀ ಬೆನ್ನ ಹಿಂದೆ ಬಂದವಳನ್ನು ನೋಡಿ, ಯಾರಮ್ಮಾ ನೀನು ಎಂದುಬಿಟ್ಟರೆ? ಈ ಭಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಗಳು ಮಾತ್ರ, ಅಪ್ಪನಿಗೆ ಪೂರ್ತಿ ನಿದ್ದೆ ಬರಿಸಿಬಿಡಿ, ಏನೂ ಗೊತ್ತಾಗಬಾರದು ಎಂದು ಹಟ ಹಿಡಿದಿದ್ದಳು.

ಮಂಪರಿನ ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಒಂದು ತೂಕದ ಯಂತ್ರ. ಮೇಸ್ತ್ರಿ ಒಳಗೆ ಕಾಲಿಟ್ಟವನೇ ನೆಲ ನೋಡಿದ. ತುಳಿದ ಸದ್ದಿಗೇ ಗೊತ್ತಾಯಿತು, ಬಾಗಿಲ ಬಳಿಯ ಟೈಲ್ಸು ಟೊಳ್ಳು. ಯಾರ ಕೈಚಳಕವೋ ಏನೋ ಎಂದು ಬೈದುಕೊಂಡು ಕುಳಿತ. ಡಾಕ್ಟರಮ್ಮ ಸಣ್ಣ ಆಳು, ಅವಸರವಿಲ್ಲದ ಮಾತು. ದಾರಿ ಎರಡಿವೆ ಎಂದರು. ಒಂದರಲ್ಲಿ ಪೂರ್ತಿ ನಿದ್ದೆ, ಉಸಿರಾಟಕ್ಕೆ ಕೊಳವೆ. ಇನ್ನೊಂದರಲ್ಲಿ ಬೆನ್ನಿಗೆ ಸಣ್ಣ ಸೂಜಿ. ಸೊಂಟದಿಂದ ಕೆಳಗೆ ಕೆಲವು ಗಂಟೆ ಏನೂ ಗೊತ್ತಾಗುವುದಿಲ್ಲ, ತಲೆ ಎಚ್ಚರವಾಗಿರುತ್ತದೆ, ಬೇಕೆಂದರೆ ಸ್ವಲ್ಪ ಜೊಂಪು ಹತ್ತಿಸಬಹುದು. ಆಮೇಲಿನ ನೋವಿಗೆ ತೊಡೆಯ ನರದ ಹತ್ತಿರ ಇನ್ನೊಂದು ಔಷಧಿ. ಅಣ್ಣನ ಕಥೆಯನ್ನು ಜೊತೆಗೆ ಬಂದಿದ್ದ ಹೆಂಡತಿ ಹೇಳಿದಾಗ ಅವರು ನಗಲಿಲ್ಲ. ವಯಸ್ಸು, ಕಾಯಿಲೆ, ಬಿದ್ದ ಪೆಟ್ಟು ಎಲ್ಲ ಸೇರಿ ಹಾಗಾಗಿರಬಹುದು, ಬರೀ ಮಂಪರಿನ ಮೇಲೆ ಹೊರಿಸಲಾಗದು, ಯಾವ ದಾರಿಯಲ್ಲೂ ನೂರಕ್ಕೆ ನೂರು ಖಾತರಿ ಕೊಡಲಾರೆ ಎಂದರು. ಆದರೂ ನಿಮ್ಮ ಹೃದಯಕ್ಕೆ, ನಿಮ್ಮ ಮನಸ್ಸಿಗೆ ಬೆನ್ನಿನ ಸೂಜಿಯೇ ಒಳ್ಳೆಯದು ಎಂದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

ಒಂದೇ ಒಂದು ಷರತ್ತು. ಎರಡು ವರ್ಷದ ಹಿಂದೆ ಎದೆನೋವು ಬಂದಾಗಿನಿಂದ ಅವನು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ. ಅದನ್ನು ಆಪರೇಷನ್ನಿಗೆ ಏಳು ದಿನ ಮೊದಲು ನಿಲ್ಲಿಸಬೇಕು, ಹೃದಯದ ಡಾಕ್ಟರೂ ಒಪ್ಪಿದ್ದಾರೆ ಎಂದರು. ಮೇಸ್ತ್ರಿ ಏನೆಂದ? ಇನ್ನೇನು ಅಂದಾನು, "ಆಯ್ತು."

ಆದರೆ ಹೃದಯದ ಡಾಕ್ಟರು ಹಿಂದೆ ಒಂದು ದಿನವೂ ತಪ್ಪಿಸಬೇಡ ಎಂದು ಗದರಿದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಾಯಿತು. ಬಾಯಿಬಿಟ್ಟು ಕೇಳಿದ್ದರೆ ಎರಡು ನಿಮಿಷದ ಮಾತು. ಕೇಳಿದರೆ ಅವನು ಆಯ್ತು ಮೇಸ್ತ್ರಿ ಹೇಗಾದಾನು? ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಮಾತ್ರೆ ನುಂಗಿದ.

ಆಪರೇಷನ್ನಿನ ಬೆಳಿಗ್ಗೆ ಅವನನ್ನು ಪರದೆ ಎಳೆದ ಮಂಚದ ಮೇಲೆ ಕೂರಿಸಿ ಆಸ್ಪತ್ರೆಯ ನಿಲುವಂಗಿ ಹಾಕಿಸಿದರು. ಕಳಚಿದ ಅಂಗಿಯನ್ನು ಹೆಂಡತಿ ಪರದೆಯ ಹೊರಗೆ ಕುಳಿತು ಮಡಚುತ್ತಿದ್ದಳು. ಡಾಕ್ಟರಮ್ಮ ಒಳಗೆ ಬಂದು, ಮಾತ್ರೆ ನಿಲ್ಲಿಸಿ ಏಳು ದಿನ ಆಯಿತೇ ಎಂದು ಕೇಳಿದರು.

"ಆಯ್ತು," ಎಂದ ಮೇಸ್ತ್ರಿ.

ಪರದೆಯ ಆಚೆ ಕುರ್ಚಿಯ ಕಬ್ಬಿಣದ ಮೇಲೆ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಪರದೆ ಸರಿಯಿತು. ಹೆಂಡತಿಯ ಕೈಯಲ್ಲಿ ಅಂಗಿಯ ಜೇಬಿನಲ್ಲಿದ್ದ ಮಾತ್ರೆಯ ಹಾಳೆ. "ಇಲ್ಲ ಡಾಕ್ಟ್ರೇ. ಹೋದ ವಾರ ಹೊಸದಾಗಿ ತಂದಿದ್ದ ಹಾಳೆ ಇದು. ಎರಡೇ ಉಳಿದಿದೆ."

ಮೇಸ್ತ್ರಿಗೆ ನೆಲ ಬಾಯ್ದೆರೆದು ನುಂಗಬಾರದೇ ಅನ್ನಿಸಿತು. ಡಾಕ್ಟರಮ್ಮ ಬೈಯಲಿಲ್ಲ, ಅವನ ಪಕ್ಕದಲ್ಲೇ ಕುಳಿತರು. ರಕ್ತ ತೆಳುವಿದ್ದಾಗ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ನಿಂತು ನರ ಒತ್ತಬಹುದು, ಒತ್ತಿದರೆ ಎರಡೂ ಕಾಲು ಶಾಶ್ವತವಾಗಿ ಹೋಗಬಹುದು ಎಂದು ಮಗುವಿಗೆ ಹೇಳುವಂತೆ ಹೇಳಿದರು. ಅಷ್ಟರಲ್ಲಿ ಮೂಳೆ ಡಾಕ್ಟರು ಬಂದು, ಎಲ್ಲ ಸಿದ್ಧವಾಗಿದೆ, ಪೂರ್ತಿ ಮಂಪರು ಕೊಟ್ಟು ಮುಗಿಸಿಬಿಡಿ ಎಂದು ಮುಖ ಗಂಟಿಕ್ಕಿದರು. ಮೇಸ್ತ್ರಿ ಡಾಕ್ಟರಮ್ಮನ ಮುಖ ನೋಡಿದ.

"ಪೂರ್ತಿ ಮಂಪರು ಕೊಟ್ರೂ ರಕ್ತ ಜಾಸ್ತಿ ಹೋಗುತ್ತೆ. ಇನ್ನೊಂದು ದಿನ ಇಟ್ಕೊಳ್ಳೋಣ, ಕಾಯೋಣ," ಎಂದರು ಡಾಕ್ಟರಮ್ಮ. "ನಾನೇ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ತಪ್ಪು ನಂದು."

ತನ್ನ ಸುಳ್ಳನ್ನು ಆ ಹೆಣ್ಣುಮಗಳು ತನ್ನ ತಲೆಯ ಮೇಲೆ ಹೊತ್ತುಕೊಂಡು ಮೂಳೆ ಡಾಕ್ಟರಿಂದ ಉಗಿಸಿಕೊಂಡದ್ದನ್ನು ಮೇಸ್ತ್ರಿ ಕಣ್ಣಾರೆ ನೋಡಿದ. ನಲವತ್ತು ವರ್ಷದಲ್ಲಿ ಯಾವ ಮನೆ ಮಾಲೀಕನೂ ಅವನಿಗಾಗಿ ಇಷ್ಟು ಮಾಡಿರಲಿಲ್ಲ. ಹೆಂಡತಿಯ ಮೇಲೆ ಮಾತ್ರ ಮೂರು ದಿನ ಮುಖ ಊದಿಸಿಕೊಂಡಿದ್ದ. ಗಂಡಸಿನ ಮರ್ಯಾದೆ ನೋಡಿ! ನಾಲ್ಕನೆಯ ದಿನ ಮನೆಯಲ್ಲಿ ಬಚ್ಚಿಟ್ಟಿದ್ದ ಇನ್ನೊಂದು ಮಾತ್ರೆಯ ಹಾಳೆಯನ್ನೂ ತಾನೇ ಅವಳ ಕೈಗೆ ಕೊಟ್ಟ, ಆಮೇಲೆ ಏಳು ದಿನ ಮಾತ್ರೆ ಮುಟ್ಟಲಿಲ್ಲ.

ಮುಂದಿನ ಸಲ ಎಲ್ಲ ಸುಸೂತ್ರ. ಬೆನ್ನು ಬಗ್ಗಿಸಿ ಕೂರಿಸಿದರು, ತಣ್ಣನೆಯ ಔಷಧಿ ಒರೆಸಿದರು, ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟೇ. ಕಾಲು ಬೆಚ್ಚಗಾಯಿತು, ಭಾರವಾಯಿತು, ಆಮೇಲೆ ಬೇರೆ ಯಾರದೋ ಆಯಿತು. ಎದೆಯ ಮುಂದೆ ಹಸಿರು ಬಟ್ಟೆ ಅಡ್ಡ ಕಟ್ಟಿದರು. ತಲೆಯ ಬಳಿ ಕುಳಿತ ಡಾಕ್ಟರಮ್ಮ ಬಗ್ಗಿ, ಎಲ್ಲ ಸರಿ ಇದೆಯಾ ಎಂದು ಕೇಳಿದರು.

ನಲವತ್ತು ವರ್ಷದ ಮಾತು ನಾಲಿಗೆಯ ತುದಿಗೆ ಬಂತು. ಮೇಸ್ತ್ರಿ ಅದನ್ನು ನುಂಗಿಕೊಂಡ.

"ಇಲ್ಲ ಡಾಕ್ಟ್ರೇ. ಭಯ ಆಗ್ತಿದೆ. ಹೆಗಲು ನಡುಗ್ತಿದೆ."

ಅವರು ಬೆಚ್ಚನೆಯ ಹೊದಿಕೆ ತರಿಸಿ ಹೆಗಲಿಗೆ ಹೊದಿಸಿದರು. ಜೊಂಪಿಗೆ ಔಷಧಿ ಬೇಕೇ ಎಂದರು, ಬೇಡವೆಂದ. ಅವನ ಒರಟು ಕೈಯನ್ನು ಹಿಡಿದುಕೊಂಡು ಕುಳಿತರು, ಒಂದು ಕಣ್ಣು ಯಂತ್ರದ ಮೇಲೆ, ಒಂದು ಕಣ್ಣು ಅವನ ಮೇಲೆ. ಆಚೆ ಸುತ್ತಿಗೆ ಶುರುವಾಯಿತು. ಮೇಸ್ತ್ರಿ ಕಣ್ಣುಮುಚ್ಚಿ ಆಲಿಸಿದ. ಮೊದಲು ಸದ್ದು ತೆಳ್ಳಗಿತ್ತು, ಬರಬರುತ್ತಾ ಗಟ್ಟಿಯಾಯಿತು. "ಈಗ ಕೂತ್ಕೊಳ್ತು," ಎಂದು ತನಗೆ ತಾನೇ ಹೇಳಿಕೊಂಡ. ಹಸಿರು ಬಟ್ಟೆಯ ಆಚೆಯಿಂದ ಮೂಳೆ ಡಾಕ್ಟರು ನಕ್ಕಿದ್ದು ಕೇಳಿಸಿತು. ತನ್ನ ಕೆಲಸದಂತೆಯೇ ಈ ಡಾಕ್ಟರಮ್ಮನ ಕೆಲಸವೂ ಯಾರಿಗೂ ಕಾಣದೆ ನೆಲದ ಕೆಳಗೆ ಹೋಗುತ್ತದೆ, ನಾಳೆ ಎಲ್ಲರೂ ಹೊಗಳುವುದು ಕೀಲನ್ನು ಎಂದು ಯೋಚಿಸಿ ಅವನಿಗೆ ಕಣ್ಣು ತುಂಬಿ ಬಂತು. ಆ ಕೈಯನ್ನು ಒಮ್ಮೆ ಒತ್ತಿದ. ಅವರೂ ಒತ್ತಿದರು.

ವಾರ್ಡಿಗೆ ತಂದಾಗ ಹೆಂಡತಿ ಮಂಚದ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಅಣ್ಣನ ಕಥೆ ಪೂರ್ತಿ ಬರೆದಿತ್ತು. ಅಂದರೆ ಈ ಭಯ ಅವನೊಬ್ಬನದಲ್ಲ, ಅವಳೂ ಬಾಯಿಬಿಡದೆ ಹೊತ್ತು ತಿರುಗುತ್ತಿದ್ದಳು.

"ನಾನ್ಯಾರು, ಹೇಳಿ ನೋಡೋಣ," ಎಂದಳು.

"ನನ್ನ ಸಂದಿ ತುಂಬೋಳು," ಎಂದ ಅವನು. "ನೀನು ಅವತ್ತು ಪರದೆ ಸರಿಸ್ದೆ ಇದ್ದಿದ್ರೆ ನನ್ನ ಎರಡೂ ಕಾಲಿನ ಗತಿ ಏನಾಗ್ತಿತ್ತೋ ಕಣೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಹೊದಿಕೆಯ ಕೆಳಗಿನಿಂದ ಇಣುಕುತ್ತಿದ್ದ ಅವನ ಬಲಗಾಲಿನ ಹೆಬ್ಬೆರಳಿನ ಮೇಲೆ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ಕುಟ್ಟಿದಳು. ಗೊತ್ತಾಗುತ್ತಿದೆಯಾ ಎಂದು ಕೇಳಿದಳು.

"ಇಲ್ಲ," ಎಂದ, ಇದ್ದದ್ದನ್ನು ಇದ್ದ ಹಾಗೆ.

ಅವಳು ಕುರ್ಚಿ ಎಳೆದುಕೊಂಡು ಕಾಲ ಬಳಿಯೇ ಕುಳಿತಳು. ಆಗಾಗ ಕುಟ್ಟುತ್ತಿದ್ದಳು, ಅವನು ಆಗಾಗ ಇಲ್ಲ ಎನ್ನುತ್ತಿದ್ದ. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹೋಗುವಷ್ಟು ಹೊತ್ತಾಯಿತು. ಅವಳು ಕುಟ್ಟುವುದನ್ನು ಬಿಟ್ಟು ಅವನ ಕಾಲ ಮೇಲೆ ಬರೀ ಕೈ ಇಟ್ಟುಕೊಂಡು ಕುಳಿತಿದ್ದಾಗ ಹೆಬ್ಬೆರಳು ಸಣ್ಣಗೆ ಅಲುಗಿತು.

"ನಿನ್ನ ಕೈ ತಣ್ಣಗಿದೆ," ಎಂದ ಮೇಸ್ತ್ರಿ.